ಅಣುಬಾಂಬ್ ಬೇಡವೆನ್ನಲು ಕಡಲು ದಾಟಿದ ರಾಜಾಜಿ

1962ರ ಸೆಪ್ಟೆಂಬರ್ ತಿಂಗಳ ಕೊನೆಯ ವಾರ. ವಾಷಿಂಗ್ಟನ್ನಿನ ಶ್ವೇತಭವನದಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿ ಅವರ ಎದುರು ಕಪ್ಪು ಕನ್ನಡಕದ, ಕೃಶ ದೇಹದ ವೃದ್ಧರೊಬ್ಬರು ಕುಳಿತಿದ್ದರು. ಅಧ್ಯಕ್ಷರ ವಯಸ್ಸು 45. ಅತಿಥಿಯ ವಯಸ್ಸು 83. ಅತಿಥಿಯ ಕೈಯಲ್ಲಿ ಅಧಿಕಾರವಿರಲಿಲ್ಲ, ಸರ್ಕಾರದ ಸಂದೇಶವೂ ಇರಲಿಲ್ಲ. ಅಣ್ವಸ್ತ್ರ ಪರೀಕ್ಷೆಗಳನ್ನು ನಿಲ್ಲಿಸಿ ಎಂಬ ಒಂದೇ ಬೇಡಿಕೆಯನ್ನು ಹೊತ್ತು ಅವರು ಸಾಗರಗಳಾಚೆಯಿಂದ ಬಂದಿದ್ದರು.

ಅವರೇ ಸ್ವತಂತ್ರ ಭಾರತದ ಮೊದಲ ಹಾಗೂ ಕೊನೆಯ ಭಾರತೀಯ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿ. ದೇಶಕ್ಕೆಲ್ಲ ರಾಜಾಜಿ ಎಂದೇ ಪರಿಚಿತರಾದ ಈ ನಾಯಕರು ತಮ್ಮ ಇಳಿವಯಸ್ಸಿನಲ್ಲಿ ಕೈಗೊಂಡ ವಿದೇಶ ಪ್ರವಾಸ ಅದು.

ಬೆಂಗಳೂರಿನ ವಿದ್ಯಾರ್ಥಿ

ರಾಜಾಜಿ ಜನಿಸಿದ್ದು 1878ರ ಡಿಸೆಂಬರ್ 10ರಂದು, ಹೊಸೂರಿಗೆ ಸಮೀಪದ ತೊರಪಳ್ಳಿ ಎಂಬ ಹಳ್ಳಿಯಲ್ಲಿ. ಅಂದಿನ ಸೇಲಂ ಜಿಲ್ಲೆಗೆ ಸೇರಿದ್ದ ಈ ಊರು ಇಂದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಗಡಿಯಂಚಿನ ಆ ಭಾಗದ ಜನರಿಗೆ ಬೆಂಗಳೂರು ಅಂದಿಗೂ ಹತ್ತಿರದ ನಗರ. ರಾಜಾಜಿ ಇಲ್ಲಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1894ರಲ್ಲಿ ಪದವಿ ಪಡೆದರು. ಮದರಾಸಿನಲ್ಲಿ ಕಾನೂನು ವ್ಯಾಸಂಗ ಮುಗಿಸಿ ಸೇಲಂನಲ್ಲಿ ವಕೀಲಿ ವೃತ್ತಿ ಆರಂಭಿಸಿದರು. ಅಲ್ಪಕಾಲದಲ್ಲಿಯೇ ಹೆಸರು, ಹಣ ಎರಡೂ ಅರಸಿಕೊಂಡು ಬಂದವು.

1919ರಲ್ಲಿ ಗಾಂಧೀಜಿಯವರ ಸಂಪರ್ಕ ಒದಗಿದ ಮೇಲೆ ಬದುಕಿನ ದಿಕ್ಕು ಬದಲಾಯಿತು. ರಾಜಾಜಿ ವಕೀಲಿ ತ್ಯಜಿಸಿ ಅಸಹಕಾರ ಚಳವಳಿಗೆ ಧುಮುಕಿದರು. 1930ರಲ್ಲಿ ಗಾಂಧೀಜಿ ದಂಡಿಗೆ ನಡೆದಂತೆಯೇ ಇವರು ತಿರುಚಿನಾಪಳ್ಳಿಯಿಂದ ವೇದಾರಣ್ಯದ ಕಡಲ ತೀರಕ್ಕೆ ಸತ್ಯಾಗ್ರಹಿಗಳನ್ನು ಕರೆದೊಯ್ದು ಉಪ್ಪಿನ ಕಾನೂನು ಮುರಿದು ಸೆರೆಮನೆ ಸೇರಿದರು. 1933ರಲ್ಲಿ ಇವರ ಪುತ್ರಿ ಲಕ್ಷ್ಮಿ ಅವರ ವಿವಾಹ ಗಾಂಧೀಜಿಯವರ ಪುತ್ರ ದೇವದಾಸರೊಂದಿಗೆ ನೆರವೇರಿತು.

ಆದರೆ ಬಾಂಧವ್ಯವು ಅಭಿಪ್ರಾಯವನ್ನು ಬಂಧಿಸಲಿಲ್ಲ. 1942ರ ಕ್ವಿಟ್ ಇಂಡಿಯಾ ಚಳವಳಿಯನ್ನು ರಾಜಾಜಿ ಒಪ್ಪಲಿಲ್ಲ. ಜಪಾನ್ ಸೇನೆ ಭಾರತದ ಬಾಗಿಲಿಗೆ ಬಂದಿರುವಾಗ ದೇಶದ ರಕ್ಷಣೆಗೆ ರಾಷ್ಟ್ರೀಯ ಸರ್ಕಾರ ರಚನೆಯಾಗಬೇಕೆಂಬುದು ಅವರ ನಿಲುವಾಗಿತ್ತು. ಮುಸ್ಲಿಂ ಲೀಗ್ ಜೊತೆ ರಾಜಿಯಾಗಬೇಕೆಂದು ವಾದಿಸಿ ಸ್ವಂತ ಪಕ್ಷದಲ್ಲಿಯೇ ಒಂಟಿಯಾದರು. ಅಣುಬಾಂಬಿನ ವಿಷಯದಲ್ಲಿ ಅವರ ಧ್ವನಿಯನ್ನು ಅಳೆಯುವಾಗ ಈ ಹಿನ್ನೆಲೆ ಮುಖ್ಯವಾಗುತ್ತದೆ. ಅವರು ಯುದ್ಧವೆಂದೊಡನೆ ಕಣ್ಣು ಮುಚ್ಚಿಕೊಳ್ಳುವ ಸ್ವಪ್ನಜೀವಿಯಾಗಿರಲಿಲ್ಲ. ಮದರಾಸಿನ ಪ್ರಧಾನಿ, ಪಶ್ಚಿಮ ಬಂಗಾಳದ ರಾಜ್ಯಪಾಲ, ಗವರ್ನರ್ ಜನರಲ್, ಕೇಂದ್ರ ಗೃಹ ಸಚಿವ, ಮದರಾಸಿನ ಮುಖ್ಯಮಂತ್ರಿ ಹೀಗೆ ಆಡಳಿತದ ಎಲ್ಲ ಮೆಟ್ಟಿಲುಗಳನ್ನೂ ಬಲ್ಲವರಾಗಿದ್ದರು.

ಹಡಗಿನ ಮೇಲೆ ಬಿದ್ದ ಬೂದಿ

1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳ ದ್ವೀಪದಲ್ಲಿ ಅಮೆರಿಕ ಜಲಜನಕ ಬಾಂಬನ್ನು ಸ್ಫೋಟಿಸಿತು. ಹಿರೋಶಿಮಾ ಬಾಂಬಿಗಿಂತ ಸುಮಾರು ಸಾವಿರ ಪಟ್ಟು ಶಕ್ತಿಯ ಸ್ಫೋಟವದು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯೊಂದರ 23 ಜನರ ಮೇಲೆ ವಿಕಿರಣಭರಿತ ಬಿಳಿ ಬೂದಿ ಸುರಿಯಿತು. ಅವರಲ್ಲೊಬ್ಬರು ಅದೇ ಸೆಪ್ಟೆಂಬರ್‌ನಲ್ಲಿ ಅಸುನೀಗಿದರು. ಮಾರ್ಷಲ್ ದ್ವೀಪಗಳ ನಿವಾಸಿಗಳು ಮನೆಮಠ ಬಿಟ್ಟು ತೆರಳಬೇಕಾಯಿತು.

ಏಪ್ರಿಲ್ 2ರಂದು ಪ್ರಧಾನಿ ಜವಾಹರಲಾಲ್ ನೆಹರೂ ಸಂಸತ್ತಿನಲ್ಲಿ ಪರೀಕ್ಷೆಗಳ ಸ್ಥಗಿತಕ್ಕೆ ಕರೆ ನೀಡಿದರು. ಅದೇ ತಿಂಗಳು ರಾಜಾಜಿ ಮದರಾಸಿನ ಮುಖ್ಯಮಂತ್ರಿ ಸ್ಥಾನದಿಂದ ನಿರ್ಗಮಿಸಿದರು. ಭಾರತ ರತ್ನ ಗೌರವವೂ ಆ ವರ್ಷವೇ ಸಂದಿತು. 75 ದಾಟಿದವರು ವಿಶ್ರಾಂತಿ ಬಯಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ರಾಜಾಜಿ ಲೇಖನಿ ಕೈಗೆತ್ತಿಕೊಂಡರು. ಭಾರತದ ಪತ್ರಿಕೆಗಳಲ್ಲದೆ ನ್ಯೂಯಾರ್ಕ್ ಟೈಮ್ಸ್‌ಗೂ ಪತ್ರ ಬರೆದು ಅಣ್ವಸ್ತ್ರ ತ್ಯಾಗದ ಅಗತ್ಯವನ್ನು ಪ್ರತಿಪಾದಿಸಿದರು.

ಅವರ ವಾದದಲ್ಲಿ ವಕೀಲರ ಖಚಿತತೆ ಇತ್ತು. ಗಾಳಿ ಯಾವ ದೇಶದ ಸ್ವತ್ತೂ ಅಲ್ಲ. ಎರಡು ಬಲಾಢ್ಯ ರಾಷ್ಟ್ರಗಳ ಪೈಪೋಟಿಯಿಂದ ಏಳುವ ವಿಷಧೂಳಿಯು ಆ ಜಗಳಕ್ಕೆ ಸಂಬಂಧವೇ ಇಲ್ಲದ ದೇಶಗಳ ಜನರ ಮೇಲೂ ಇಳಿಯುತ್ತದೆ. ಆದ್ದರಿಂದ ಪರೀಕ್ಷೆ ಯಾವ ದೇಶದ ಆಂತರಿಕ ವಿಷಯವೂ ಆಗಲಾರದು ಎಂಬುದು ಅದರ ತಿರುಳು. ಎರಡನೆಯ ಅಂಶ ಇನ್ನೂ ಕಠಿಣವಾದುದು. ಎದುರಾಳಿ ಒಪ್ಪಲಿ ಎಂದು ಕಾಯುತ್ತ ಕುಳಿತರೆ ಒಪ್ಪಂದ ಎಂದಿಗೂ ಆಗದು. ಶಕ್ತಿವಂತನೇ ಮೊದಲ ಹೆಜ್ಜೆಯನ್ನು ಒಂಟಿಯಾಗಿ ಇಡಬೇಕು ಎಂದು ಅವರು ಪಟ್ಟು ಹಿಡಿದರು. ಗಾಂಧಿ ಮಾರ್ಗದ ಈ ತರ್ಕ ಶೀತಲ ಸಮರದ ದಿನಗಳಲ್ಲಿ ಹಲವರಿಗೆ ಅವ್ಯಾವಹಾರಿಕವಾಗಿ ಕಂಡಿತು.

ವಿರೋಧಿಯಾದರೂ ಒಂದೇ ಧ್ವನಿ

1959ರಲ್ಲಿ ನೆಹರೂ ಅವರ ಆರ್ಥಿಕ ನೀತಿಯನ್ನು ವಿರೋಧಿಸಿ ರಾಜಾಜಿ ಸ್ವತಂತ್ರ ಪಕ್ಷ ಕಟ್ಟಿದರು. 1962ರ ಮಹಾಚುನಾವಣೆಯಲ್ಲಿ ಆ ಪಕ್ಷ ಲೋಕಸಭೆಯ 18 ಸ್ಥಾನ ಗೆದ್ದಿತು. ಪರವಾನಗಿ ವ್ಯವಸ್ಥೆ, ಸಹಕಾರಿ ಬೇಸಾಯ, ವಿದೇಶಾಂಗ ನೀತಿ ಎಲ್ಲದರಲ್ಲೂ ಹಳೆಯ ಗೆಳೆಯರಿಬ್ಬರು ಎದುರುಬದುರಾಗಿದ್ದರು. ಅಣ್ವಸ್ತ್ರ ಪರೀಕ್ಷೆ ನಿಲ್ಲಬೇಕೆಂಬ ವಿಷಯದಲ್ಲಿ ಮಾತ್ರ ಇಬ್ಬರ ಧ್ವನಿ ಒಂದೇ ಆಗಿತ್ತು.

ಜಗತ್ತಿನ ಪರಿಸ್ಥಿತಿ ಆ ವೇಳೆಗೆ ಬಿಗಡಾಯಿಸಿತ್ತು. 1958ರ ಕೊನೆಯಿಂದ ಜಾರಿಯಲ್ಲಿದ್ದ ಸ್ವಯಂಪ್ರೇರಿತ ಸ್ಥಗಿತವನ್ನು 1961ರ ಸೆಪ್ಟೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ ಮುರಿಯಿತು. ಅಕ್ಟೋಬರ್ 30ರಂದು ಅದು ಸ್ಫೋಟಿಸಿದ ಬಾಂಬಿನ ಶಕ್ತಿ ಸುಮಾರು 50 ಮೆಗಾಟನ್. ಅದಕ್ಕಿಂತ ದೊಡ್ಡ ಅಣ್ವಸ್ತ್ರ ಇಂದಿಗೂ ಸ್ಫೋಟಗೊಂಡಿಲ್ಲ. 1962ರ ಏಪ್ರಿಲ್‌ನಲ್ಲಿ ಅಮೆರಿಕವೂ ವಾತಾವರಣದಲ್ಲಿ ಪರೀಕ್ಷೆಗಳನ್ನು ಪುನರಾರಂಭಿಸಿತು.

ಇದೇ ಸಂದರ್ಭದಲ್ಲಿ, ಜೂನ್ ತಿಂಗಳಲ್ಲಿ, ಗಾಂಧಿ ಶಾಂತಿ ಪ್ರತಿಷ್ಠಾನವು ದೆಹಲಿಯಲ್ಲಿ ಅಣ್ವಸ್ತ್ರ ವಿರೋಧಿ ಸಮಾವೇಶ ನಡೆಸಿತು. ಅಣ್ವಸ್ತ್ರ ರಾಷ್ಟ್ರಗಳ ನಾಯಕರನ್ನು ಮುಖತಃ ಕಂಡು ಮನವರಿಕೆ ಮಾಡುವ ಆಲೋಚನೆಯ ಫಲವಾಗಿ ಅಮೆರಿಕಕ್ಕೆ ಹೊರಟ ನಿಯೋಗಕ್ಕೆ ರಾಜಾಜಿ ಮುಂದಾಳಾದರು.

ಅವರ ಜೊತೆಗಿದ್ದ ಇಬ್ಬರೂ ಕರ್ನಾಟಕದ ಮಣ್ಣಿನವರೆಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಒಬ್ಬರು ಧಾರವಾಡದ ಆರ್.ಆರ್. ದಿವಾಕರ್, ಕರ್ಮವೀರ ಪತ್ರಿಕೆಯನ್ನು ಆರಂಭಿಸಿದವರು, ಕರ್ನಾಟಕದ ಸ್ವಾತಂತ್ರ್ಯ ಹೋರಾಟವನ್ನು ಮುನ್ನಡೆಸಿದವರು, ಮುಂದೆ ಕೇಂದ್ರ ಸಚಿವರೂ ಬಿಹಾರದ ರಾಜ್ಯಪಾಲರೂ ಆದವರು. ಮತ್ತೊಬ್ಬರು ಮಂಗಳೂರು ಮೂಲದ ಪತ್ರಕರ್ತ ಬೆನಗಲ್ ಶಿವರಾವ್. ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದ ಅವರು 1952ರಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಆಯ್ಕೆಯಾಗಿದ್ದರು. ವಾಷಿಂಗ್ಟನ್ನಿನಲ್ಲಿ ಆಗ ಭಾರತದ ರಾಯಭಾರಿಯಾಗಿದ್ದವರು ನೆಹರೂ ಅವರ ಬಂಧುವೇ ಆದ ಬಿ.ಕೆ. ನೆಹರೂ.

ಶ್ವೇತಭವನದ ಭೇಟಿ

ಕೆನೆಡಿ ಅವರಿಗೆ ಅದು ಬಿಡುವಿನ ವಾರವಾಗಿರಲಿಲ್ಲ. ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ ಕಪ್ಪು ವರ್ಣೀಯ ವಿದ್ಯಾರ್ಥಿಯೊಬ್ಬರ ಪ್ರವೇಶದ ಪ್ರಶ್ನೆ ಗಲಭೆಯ ಅಂಚಿಗೆ ಬಂದು ನಿಂತಿತ್ತು. ಆದರೂ ಮಾತುಕತೆ ನಿಗದಿತ ಅವಧಿಯನ್ನು ಮೀರಿ ಬೆಳೆಯಿತು. ಪರೀಕ್ಷೆಗಳನ್ನು ನಿಲ್ಲಿಸಲು ಅಮೆರಿಕ ಮುಂದಾಗಬೇಕೆಂದು ರಾಜಾಜಿ ಕೋರಿದರು. ಅಧ್ಯಕ್ಷರ ಮುಂದಿದ್ದ ತೊಡಕು ಬೇರೆಯದು. ಪರೀಕ್ಷೆ ನಿಂತಿದೆಯೆಂದು ಖಾತ್ರಿಪಡಿಸುವ ತಪಾಸಣೆಗೆ ಸೋವಿಯತ್ ಒಕ್ಕೂಟ ಒಪ್ಪುತ್ತಿರಲಿಲ್ಲ. ವಾತಾವರಣದ ಪರೀಕ್ಷೆಗಳಿಗಷ್ಟೇ ಸೀಮಿತವಾದ ಒಪ್ಪಂದದ ಕರಡನ್ನು ಹಿಂದಿನ ತಿಂಗಳಷ್ಟೇ ಅಮೆರಿಕ ಮತ್ತು ಬ್ರಿಟನ್ ಜಿನೀವಾದಲ್ಲಿ ಮಂಡಿಸಿದ್ದವು; ಮಾಸ್ಕೋ ಅದನ್ನೂ ತಿರಸ್ಕರಿಸಿತ್ತು.

ನಿಯೋಗಕ್ಕೆ ಕೈಯಲ್ಲಿ ಹಿಡಿದು ತೋರುವಂಥ ಫಲ ದೊರೆಯಲಿಲ್ಲ. ಕೆಲವೇ ವಾರಗಳಲ್ಲಿ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು ಜಗತ್ತನ್ನು ಅಣುಯುದ್ಧದ ಹೊಸ್ತಿಲಿಗೆ ತಂದಿತು. ಅಕ್ಟೋಬರ್ 20ರಂದು ಚೀನಾ ಸೇನೆ ಹಿಮಾಲಯದ ಗಡಿಯಲ್ಲಿ ಭಾರತದ ಮೇಲೆ ಎರಗಿತು. ಶಾಂತಿಯ ಮಾತಿಗೆ ಸ್ವದೇಶದಲ್ಲಿಯೇ ಕಿವಿಗಳು ವಿರಳವಾದವು.

ಆದರೆ ಕ್ಯೂಬಾದ ಪಾಠ ವ್ಯರ್ಥವಾಗಲಿಲ್ಲ. 1963ರ ಜೂನ್ 10ರಂದು ವಾಷಿಂಗ್ಟನ್ನಿನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲಿ ಕೆನೆಡಿ, ಇತರರು ನಡೆಸದಿರುವವರೆಗೆ ಅಮೆರಿಕ ವಾತಾವರಣದಲ್ಲಿ ಪರೀಕ್ಷೆ ನಡೆಸುವುದಿಲ್ಲವೆಂದು ಪ್ರಕಟಿಸಿದರು. ಆಗಸ್ಟ್ 5ರಂದು ಮಾಸ್ಕೋದಲ್ಲಿ ಅಮೆರಿಕ, ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿದವು. ಮೂರು ದಿನಗಳಲ್ಲಿ ಭಾರತವೂ ಸಹಿ ಮಾಡಿತು. ಈ ಬೆಳವಣಿಗೆಯ ಶ್ರೇಯವನ್ನು ಒಂದು ಭೇಟಿಗೆ ಕಟ್ಟುವುದು ಇತಿಹಾಸಕ್ಕೆ ನ್ಯಾಯವಾಗದು. ಆದರೆ ಅವ್ಯಾವಹಾರಿಕವೆನಿಸಿದ್ದ ಆ ಮೊದಲ ಹೆಜ್ಜೆಯನ್ನು, ಷರತ್ತಿನೊಡನೆಯಾದರೂ, ಅಮೆರಿಕ ತಾನಾಗಿ ಇಟ್ಟಿತೆಂಬುದೂ ಇತಿಹಾಸವೇ.

ಉಳಿದ ಪ್ರಶ್ನೆ

ಒಪ್ಪಂದವು ಭೂಗತ ಪರೀಕ್ಷೆಗಳನ್ನು ತಡೆಯಲಿಲ್ಲ. ಫ್ರಾನ್ಸ್ ಮತ್ತು ಚೀನಾ ಅದರಿಂದ ಹೊರಗುಳಿದವು. 1964ರ ಅಕ್ಟೋಬರ್ 16ರಂದು ಚೀನಾ ತನ್ನ ಮೊದಲ ಅಣುಬಾಂಬನ್ನು ಸ್ಫೋಟಿಸಿದಾಗ ಭಾರತಕ್ಕೂ ಬಾಂಬ್ ಬೇಕೆಂಬ ಕೂಗು ಸಂಸತ್ತಿನ ಒಳಗೂ ಹೊರಗೂ ಎದ್ದಿತು.

1966ರ ಅಕ್ಟೋಬರ್‌ನಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ ಅವರು ವಿಶ್ವಸಂಸ್ಥೆಯಲ್ಲಿ ಕಛೇರಿ ನಡೆಸಿದಾಗ ಹಾಡಿದ ಇಂಗ್ಲಿಷ್ ಪ್ರಾರ್ಥನಾ ಗೀತೆ ರಾಜಾಜಿ ಅವರ ರಚನೆ. ರಾಷ್ಟ್ರಗಳು ದ್ವೇಷವನ್ನೂ ಭಯವನ್ನೂ ತೊರೆಯಲಿ ಎಂಬ ಪ್ರಾರ್ಥನೆಯದು. ಕೊನೆಯ ವರ್ಷಗಳಲ್ಲಿಯೂ ಅವರ ಲೇಖನಿ ವಿರಮಿಸಲಿಲ್ಲ.

1972ರ ಡಿಸೆಂಬರ್ 25ರಂದು, 94ನೆಯ ವಯಸ್ಸಿನಲ್ಲಿ, ರಾಜಾಜಿ ಮದರಾಸಿನಲ್ಲಿ ನಿಧನರಾದರು. 17 ತಿಂಗಳೊಳಗೆ, 1974ರ ಮೇ 18ರಂದು, ಪೋಖ್ರಾನ್‌ನ ಮರಳಿನಡಿ ಭಾರತದ ಮೊದಲ ಅಣು ಸ್ಫೋಟ ನಡೆಯಿತು. 1998ರಲ್ಲಿ ಭಾರತವೂ ಪಾಕಿಸ್ತಾನವೂ ಅಣ್ವಸ್ತ್ರ ರಾಷ್ಟ್ರಗಳೆಂದು ಸಾರಿಕೊಂಡವು. ಅಣ್ವಸ್ತ್ರಗಳನ್ನು ಸಂಪೂರ್ಣ ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2021ರ ಜನವರಿಯಲ್ಲಿ ಜಾರಿಗೆ ಬಂದರೂ ಬಾಂಬ್ ಹೊಂದಿರುವ ಒಂಬತ್ತು ರಾಷ್ಟ್ರಗಳಲ್ಲಿ ಒಂದೂ ಅದಕ್ಕೆ ಸೇರಿಲ್ಲ. ಜಗತ್ತಿನ ಶಸ್ತ್ರಾಗಾರಗಳಲ್ಲಿ ಇನ್ನೂ ಸುಮಾರು 12,000 ಸಿಡಿತಲೆಗಳಿವೆ.

ಎದುರಾಳಿ ಮೊದಲು ಕೆಳಗಿಡಲಿ ಎಂದು ಪ್ರತಿಯೊಬ್ಬರೂ ಕಾಯುತ್ತಿದ್ದಾರೆ. ಮೊದಲ ಹೆಜ್ಜೆ ಯಾರದು ಎಂಬ ಪ್ರಶ್ನೆಯನ್ನು ಹೊತ್ತು 83ರ ಇಳಿವಯಸ್ಸಿನಲ್ಲಿ ರಾಜಾಜಿ ಕಡಲು ದಾಟಿದ್ದರು. ಅದಕ್ಕೆ ಪೂರ್ಣ ಉತ್ತರ ಇನ್ನೂ ದೊರೆಯಬೇಕಾಗಿದೆ.