ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾಯರು

ವೈದ್ಯರ ಕೈಗುಣವನ್ನು ಕೊಂಡಾಡುವ ನಮ್ಮ ಮಹಾಜನರು ಆ ಕೈಗೆ ದಾರಿ ತೋರಿಸುವ ಪ್ರಯೋಗಶಾಲೆಯನ್ನು ನೆನೆಯುವುದು ಅಪರೂಪ. ನಾಡಿ, ನಾಲಗೆಗಳು ಹೇಳಲಾರದುದನ್ನು ಇಂದು ಒಂದು ತೊಟ್ಟು ರಕ್ತವು ಹೇಳುತ್ತಿದೆ. ರಕ್ತಕ್ಕೆ ಆ ಮಾತನ್ನು ಕಲಿಸಿದವರಲ್ಲಿ ಒಬ್ಬರಾದ ಡಾಕ್ಟರ್ ಸುಬ್ಬರಾಯರ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಸುಬ್ಬರಾಯರು 1895ರ ಜನವರಿ 12ರಂದು ಆಂಧ್ರದೇಶದ ಭೀಮಾವರಂನಲ್ಲಿ ಜನಿಸಿದರು. ಮನೆಯಲ್ಲಿ ಬಡತನ. ಮೆಟ್ರಿಕ್ಯುಲೇಷನ್ ಪರೀಕ್ಷೆಯು ಅವರಿಗೆ ಒಲಿದುದು ಮೂರನೆಯ ಪ್ರಯತ್ನದಲ್ಲಿ. ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿದ್ದಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿಯ ಮೇಲಂಗಿಯನ್ನು ಧರಿಸಿ ಶಸ್ತ್ರಚಿಕಿತ್ಸೆಯ ತರಗತಿಗೆ ಹೋದರು. ಆಂಗ್ಲ ಪ್ರಾಧ್ಯಾಪಕರು ಮುನಿದರು, ಎಂ.ಬಿ.ಬಿ.ಎಸ್. ಪದವಿಗೆ ಬದಲಾಗಿ ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರ ದೊರೆಯಿತು. ಕೆಲಕಾಲ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಬೋಧಿಸಿ, 1922ರಲ್ಲಿ ಅಮೆರಿಕೆಯ ಬಾಸ್ಟನ್ ನಗರವನ್ನು ಸೇರಿದರು. ಅಲ್ಲಿ ಹೊಟ್ಟೆಪಾಡಿಗಾಗಿ ಆಸ್ಪತ್ರೆಯೊಂದರಲ್ಲಿ ರಾತ್ರಿಯ ಕೂಲಿಕೆಲಸವನ್ನೂ ಮಾಡಿದರು.

ಹಾರ್ವರ್ಡ್ ವೈದ್ಯಶಾಲೆಯಲ್ಲಿ ಸೈರಸ್ ಫಿಸ್ಕ್ ಎಂಬವರೊಡನೆ ಅವರು ನಡೆಸಿದ ಕಾರ್ಯವು 1925ರಲ್ಲಿ ಪ್ರಕಟವಾಯಿತು. ರಕ್ತ ಮತ್ತು ಮೂತ್ರಗಳಲ್ಲಿರುವ ರಂಜಕವನ್ನು ಅಳೆಯುವ ವಿಧಾನವದು. ರಂಜಕದ ಲವಣವು ಆಮ್ಲದಲ್ಲಿ ಮಾಲಿಬ್ಡೇಟಿನೊಡನೆ ಕೂಡಿ, ತಕ್ಕ ದ್ರವ್ಯವನ್ನು ಬೆರೆಸಿದೊಡನೆ ನೀಲಿಯಾಗುತ್ತದೆ. ನೀಲಿಯು ಎಷ್ಟು ಗಾಢವೋ ರಂಜಕವು ಅಷ್ಟು ಹೆಚ್ಚು. ಮೂತ್ರಪಿಂಡ ಮತ್ತು ಎಲುಬುಗಳ ರೋಗಗಳನ್ನು ಗುರುತಿಸಲು ಈ ಅಳತೆಯು ವೈದ್ಯರಿಗೆ ಕಣ್ಣಾಯಿತು. ಸ್ನಾಯುವಿನ ರಸವನ್ನು ಪರೀಕ್ಷಿಸುವಾಗ ಬಣ್ಣವು ನಿಧಾನವಾಗಿ ಏರುತ್ತಿತ್ತು. ಬೇರೆಯವರಾಗಿದ್ದರೆ ಅದನ್ನು ಕೈತಪ್ಪೆಂದು ಚೆಲ್ಲಿಬಿಡುತ್ತಿದ್ದರು. ಇವರು ಬಿಡದೆ ಕಾರಣವನ್ನು ಹುಡುಕಿ, 1927ರಲ್ಲಿ ಫಾಸ್ಫೋಕ್ರಿಯಾಟಿನ್ ಎಂಬ ವಸ್ತುವನ್ನು ಲೋಕಕ್ಕೆ ತಿಳಿಸಿದರು.

ಹಾರ್ವರ್ಡಿನಲ್ಲಿ ಸ್ಥಿರವಾದ ಹುದ್ದೆ ದೊರೆಯಲಿಲ್ಲ. 1940ರಲ್ಲಿ ಲೆಡರ್ಲೆ ಸಂಸ್ಥೆಯನ್ನು ಸೇರಿ, ಫೋಲಿಕ್ ಆಮ್ಲದ ತಯಾರಿಕೆ, ಆನೆಕಾಲು ರೋಗದ ಔಷಧವಾದ ಹೆಟ್ರಜಾನ್ ಮೊದಲಾದ ಕಾರ್ಯಗಳಿಗೆ ನಾಯಕರಾದರು. ಅಮೆರಿಕೆಯ ಪೌರತ್ವವನ್ನು ಪಡೆಯದೆಯೇ, ತಾಯ್ನಾಡನ್ನು ಮತ್ತೆ ಕಾಣದೆಯೇ, 1948ರ ಆಗಸ್ಟಿನಲ್ಲಿ 53ನೆಯ ವಯಸ್ಸಿನಲ್ಲಿ ದೇಹವಿಟ್ಟರು.

ಇಂದು ಯಂತ್ರಗಳು ಗಂಟೆಗೆ ನೂರಾರು ಪರೀಕ್ಷೆಗಳನ್ನು ಮಾಡುತ್ತವೆ. ಅವುಗಳಲ್ಲಿ ಅನೇಕವು ನೀಲಿಯ ಹಂತವನ್ನು ಕೈಬಿಟ್ಟಿದ್ದರೂ ರಂಜಕಕ್ಕೆ ಮಾಲಿಬ್ಡೇಟನ್ನೇ ನಂಬಿವೆ. ಆದರೆ ಯಂತ್ರವು ತನಗೆ ಕೊಟ್ಟುದನ್ನಷ್ಟೇ ಅಳೆಯಬಲ್ಲದು. ತೆಗೆದ ರಕ್ತವನ್ನು ಹೊತ್ತಿಗೆ ಸರಿಯಾಗಿ ಬೇರ್ಪಡಿಸದಿದ್ದರೆ ಕಣಗಳಲ್ಲಿನ ರಂಜಕವು ಹೊರಕ್ಕೆ ಸೋರಿ, ಇಲ್ಲದ ರೋಗವು ಕಾಗದದ ಮೇಲೆ ಹುಟ್ಟುತ್ತದೆ. ಪ್ರಯೋಗಶಾಲೆಯ ತಪ್ಪುಗಳಲ್ಲಿ ಬಹುಭಾಗವು ಮಾದರಿಯು ಯಂತ್ರವನ್ನು ಮುಟ್ಟುವ ಮೊದಲೇ ಆಗುತ್ತದೆಂದು ಬಲ್ಲವರು ಒಪ್ಪುತ್ತಾರೆ.

ನಮ್ಮ ದೇಶವು 2019ರಲ್ಲಿ ಆವಶ್ಯಕ ಪರೀಕ್ಷೆಗಳ ರಾಷ್ಟ್ರೀಯ ಪಟ್ಟಿಯೊಂದನ್ನು ಸಿದ್ಧಪಡಿಸಿತು. 2021ರಲ್ಲಿ ಪ್ರಯೋಗಶಾಲೆಯ ಕೆಲಸಗಾರರೂ ಸೇರಿದಂತೆ ವೈದ್ಯಸಹಾಯಕ ವೃತ್ತಿಗಳಿಗೆ ಕಾನೂನೊಂದನ್ನು ಮಾಡಿತು. ಇವು ಸ್ತುತ್ಯವೇ. ಆದರೆ ಪಟ್ಟಿಯು ಪರೀಕ್ಷೆ ಮಾಡಲಾರದು, ಕಾನೂನು ಕೈಯನ್ನು ಪಳಗಿಸಲಾರದು. ಗುಣಮಟ್ಟದ ಮಾನ್ಯತೆಯನ್ನು ಪಡೆಯುವುದು ಸಾಮಾನ್ಯವಾಗಿ ಪ್ರಯೋಗಶಾಲೆಗಳ ಇಚ್ಛೆಗೇ ಬಿಟ್ಟ ವಿಷಯವಾಗಿದೆ. ತಕ್ಕಡಿಯ ಕಲ್ಲಿಗೆ ಸರ್ಕಾರದ ಮುದ್ರೆ ಬೇಕೆನ್ನುವ ನಾವು, ಪ್ರಾಣವನ್ನು ತೂಗುವ ತಕ್ಕಡಿಗೆ ಮುದ್ರೆಯು ಇಚ್ಛೆಯ ಮಾತೆಂದು ಸುಮ್ಮನಿರುವುದು ನ್ಯಾಯವೆ?

ತಾಲ್ಲೂಕು ಆಸ್ಪತ್ರೆಯ ಬಡರೋಗಿಗೂ ರಾಜಧಾನಿಯ ಧನಿಕನಿಗೂ ಒಂದೇ ರಕ್ತಕ್ಕೆ ಒಂದೇ ಅಂಕೆ ದೊರೆಯಬೇಕು. ಅದಕ್ಕೆ ತರಬೇತಾದ ಕೈಗಳು, ತಕ್ಕ ಸಂಬಳ, ಕಡ್ಡಾಯವಾದ ತಪಾಸಣೆ ಬೇಕು. ಅಂಕೆಯು ಸಂಶಯಾಸ್ಪದವಾದಾಗ ಕಣ್ಮುಚ್ಚಿ ರುಜು ಹಾಕದೆ ಮತ್ತೊಮ್ಮೆ ಅಳೆಯುವ ಮನಸ್ಸು ಎಲ್ಲಕ್ಕಿಂತ ಮೊದಲು ಬೇಕು. ಸುಬ್ಬರಾಯರು ಬಿಟ್ಟುಹೋದ ಆಸ್ತಿಯು ಅದೇ.