ಹ್ಯಾರಿ ಬ್ರಿಯರ್ಲಿ: ಬಾಟಲಿ ತೊಳೆಯುತ್ತಿದ್ದ ಹುಡುಗ ಮತ್ತು ತುಕ್ಕು ಹಿಡಿಯದ ಉಕ್ಕು

ಸ್ಟೇನ್‌ಲೆಸ್ ಸ್ಟೀಲ್ ಕಂಡುಹಿಡಿದವರು ಯಾರು ಅಂತ ಕೇಳಿದರೆ ಇಂಜಿನಿಯರಿಂಗ್ ಗೈಡುಗಳು ಒಂದೇ ಸಾಲಿನಲ್ಲಿ ಉತ್ತರ ಮುಗಿಸುತ್ತವೆ: ಹ್ಯಾರಿ ಬ್ರಿಯರ್ಲಿ, 1913, ಇಂಗ್ಲೆಂಡಿನ ಶೆಫೀಲ್ಡ್. ನಾನೂ ಪರೀಕ್ಷೆಯಲ್ಲಿ ಇಷ್ಟೇ ಬರೆದು ಮಾರ್ಕ್ಸ್ ತಗೊಂಡವನು. ಆ ಸಾಲಿನಲ್ಲಿ ಎರಡು ಸಂಗತಿ ಬಿಟ್ಟುಹೋಗಿವೆ. ಒಂದು, ಆತ ಹುಡುಕುತ್ತಿದ್ದದ್ದು ತುಕ್ಕು ಹಿಡಿಯದ ಉಕ್ಕನ್ನಲ್ಲ, ಸವೆಯದ ಉಕ್ಕನ್ನು. ಎರಡು, ಅದು ಸಿಕ್ಕ ಮೇಲೆ ಅದರ ಒಡೆಯ ಯಾರು ಎಂಬ ಜಗಳದಲ್ಲಿ ಆತ ಕೆಲಸವನ್ನೇ ಬಿಡಬೇಕಾಯಿತು.

ಬ್ರಿಯರ್ಲಿ ಹುಟ್ಟಿದ್ದು 1871ರಲ್ಲಿ, ಶೆಫೀಲ್ಡಿನ ಬಡ ಕಾರ್ಮಿಕರ ಮನೆಯಲ್ಲಿ. ಅಪ್ಪ ಥಾಮಸ್ ಫರ್ತ್ ಕಂಪನಿಯಲ್ಲಿ ಉಕ್ಕು ಕರಗಿಸುವ ಕೆಲಸಗಾರ. ಹುಡುಗ ಹನ್ನೆರಡಕ್ಕೇ ಶಾಲೆ ಬಿಟ್ಟು ಅದೇ ಕಾರ್ಖಾನೆ ಸೇರಿದ. ಮುಂದೆ ಅಲ್ಲಿನ ಲ್ಯಾಬಿನಲ್ಲಿ ಬಾಟಲಿ ತೊಳೆಯುವ ಕೆಲಸ ಸಿಕ್ಕಿತು. ಹಗಲೆಲ್ಲ ಬಾಟಲಿ, ಸಂಜೆ ಓದು. ಲ್ಯಾಬಿನ ರಸಾಯನಶಾಸ್ತ್ರಜ್ಞರ ಹಿಂದೆಮುಂದೆ ಓಡಾಡುತ್ತಲೇ ಉಕ್ಕಿನ ವಿಶ್ಲೇಷಣೆ ಕಲಿತ. ಯೂನಿವರ್ಸಿಟಿ ಡಿಗ್ರಿ ಇರಲಿಲ್ಲ. ಆದರೂ 1908ರಲ್ಲಿ ಫರ್ತ್ ಮತ್ತು ಜಾನ್ ಬ್ರೌನ್ ಕಂಪನಿಗಳು ಜೊತೆಗೂಡಿ ಸಂಶೋಧನಾ ಲ್ಯಾಬ್ ತೆರೆದಾಗ ಅದರ ಮುಖ್ಯಸ್ಥನಾದದ್ದು ಈತನೇ.

1912ರಲ್ಲಿ ಆತನ ಮುಂದೆ ಬಂದ ಸಮಸ್ಯೆ ರೈಫಲ್ ನಳಿಗೆಯದು. ಪ್ರತಿ ಸಲ ಗುಂಡು ಹಾರಿದಾಗಲೂ ಬಿಸಿ ಅನಿಲ ನಳಿಗೆಯ ಒಳಮೈಯನ್ನು ಕೊರೆಯುತ್ತದೆ, ಗುಂಡು ಅದನ್ನು ಉಜ್ಜಿಕೊಂಡು ಹೋಗುತ್ತದೆ. ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೆರೆಗಳು ಸವೆದರೆ ಗುರಿ ತಪ್ಪುತ್ತದೆ. ಉಕ್ಕಿಗೆ ಕ್ರೋಮಿಯಂ ಹೆಚ್ಚು ಬೆರೆಸಿದರೆ ಈ ಸವೆತ ತಡೆದೀತು ಅನ್ನುವುದು ಬ್ರಿಯರ್ಲಿ ಲೆಕ್ಕ. ಆಗಸ್ಟ್ 1913ರಲ್ಲಿ ಎರಕ ಹೊಯ್ದ ಉಕ್ಕಿನಲ್ಲಿ 12.8 ಶೇಕಡಾ ಕ್ರೋಮಿಯಂ, 0.24 ಶೇಕಡಾ ಕಾರ್ಬನ್ ಇತ್ತು.

ಗುಜರಿ ರಾಶಿಯಲ್ಲಿ ಒಂದು ತುಂಡು ಮಾತ್ರ ಫಳಫಳ ಹೊಳೆಯುತ್ತಿತ್ತು ಅನ್ನೋ ಕಥೆ ಎಲ್ಲರೂ ಕೇಳಿದ್ದೇ. ಆದರೆ ಇದು ಕಣ್ಣಿಗೆ ಬಿದ್ದದ್ದು ಲ್ಯಾಬಿನ ಮೇಜಿನ ಮೇಲೆ. ಉಕ್ಕಿನ ಕಣರಚನೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕೆಂದರೆ ಮೊದಲು ಅದರ ಮೈಯನ್ನು ಆಸಿಡ್‌ನಿಂದ ತುಸು ತಿನ್ನಿಸಬೇಕು. ಈ ತುಂಡನ್ನು ನೈಟ್ರಿಕ್ ಆಸಿಡ್ ತಿನ್ನಲೊಲ್ಲದು. ಬೇರೆಯವರಾಗಿದ್ದರೆ ಬೇಸರಪಟ್ಟು ಬೇರೆ ಆಸಿಡ್ ಹುಡುಕುತ್ತಿದ್ದರೇನೋ. ಬ್ರಿಯರ್ಲಿ ವಿನೆಗರ್ ಹಾಕಿ ನೋಡಿದ, ನಿಂಬೆರಸ ಹಾಕಿ ನೋಡಿದ. ಶೆಫೀಲ್ಡ್ ಚಾಕು-ಕತ್ತರಿಗಳ ಊರು. ಊಟದ ಚಾಕುವನ್ನು ಹಾಳುಮಾಡುವುದು ಹುಳಿ ಅಂತ ಅಲ್ಲಿ ಬೆಳೆದವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇದರ ಗುಟ್ಟು ನಮ್ಮ ಅಡುಗೆಮನೆಯಲ್ಲೇ ಅರ್ಥವಾಗುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದೆವಲ್ಲ, ಅದು ಹೊರಗಿನಿಂದ ಹಚ್ಚಿದ ತವರದ ಲೇಪ. ಸೌಟು ತಾಗಿ, ಉಜ್ಜಿ ತೊಳೆದು ಸವೆದರೆ ಹುಣಸೆಹುಳಿ ನೇರ ಹಿತ್ತಾಳೆಗೆ ತಾಗಿ ಕಿಲುಬು ಬಿಡುತ್ತದೆ. ಮತ್ತೆ ಕಲಾಯಿಯವನನ್ನೇ ಕಾಯಬೇಕು. ಸ್ಟೇನ್‌ಲೆಸ್ ಉಕ್ಕಿಗೂ ಲೇಪ ಇದೆ, ಆದರೆ ಅದು ಒಳಗಿನಿಂದ ಬರುವಂಥದ್ದು. ಉಕ್ಕಿನ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ ಕಟ್ಟುತ್ತದೆ. ಗೀರಿದರೆ ಗೀರಿದ ಜಾಗದಲ್ಲೇ ಮತ್ತೆ ಹುಟ್ಟುತ್ತದೆ. ಉಪ್ಪುನೀರು ಬಹಳ ಹೊತ್ತು ನಿಂತರೆ ಈ ಪೊರೆಯೂ ಸೋಲುತ್ತದೆ, ಅದು ಬೇರೆ ಮಾತು.

ಬ್ರಿಯರ್ಲಿ ಇದನ್ನು ಚಾಕುವಿಗೆ ಬಳಸೋಣ ಅಂದ. ಮೇಲಿನವರಿಗೆ ಆಸಕ್ತಿಯಿಲ್ಲ, ಕೇಳಿದ್ದು ಬಂದೂಕಿನ ಉಕ್ಕು ತಾನೇ! ಮೊದಲು ಪ್ರಯತ್ನಿಸಿದ ಚಾಕು ತಯಾರಕರು ಇದು ಕೆಲಸಕ್ಕೆ ಬಾರದ್ದು ಎಂದುಬಿಟ್ಟರು. ಹಳೇ ಉಕ್ಕನ್ನು ಕಾಯಿಸಿದ ಹಾಗೇ ಇದನ್ನೂ ಕಾಯಿಸಿದರೆ ಸರಿಯಾದ ಅಲಗು ಬರುತ್ತಿರಲಿಲ್ಲ. ಕತ್ತರಿಸದ ಚಾಕು ಕಂಡುಹಿಡಿದವನು ಅಂತ ಆತನನ್ನು ಗೇಲಿ ಮಾಡಿದರು. ಕೊನೆಗೆ ಮೋಸ್ಲಿ ಕಂಪನಿಯ ಅರ್ನೆಸ್ಟ್ ಸ್ಟುವರ್ಟ್, ಬ್ರಿಯರ್ಲಿಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಸರಿಯಾದ ಕಾವು ಹಿಡಿದು ಚಾಕು ಮಾಡಿದ. ಕಲೆಯಾಗದ್ದು ಎಂಬರ್ಥದ ಸ್ಟೇನ್‌ಲೆಸ್ ಹೆಸರು ಬಂದದ್ದೂ ಈ ಸ್ಟುವರ್ಟ್‌ನಿಂದಲೇ.

ಮಾಲು ಮಾರಾಟವಾಗುತ್ತದೆ ಅಂತ ಗೊತ್ತಾದ ಕೂಡಲೇ ಕಂಪನಿಗೆ ಅದು ತನ್ನದೆಂದು ನೆನಪಾಯಿತು. ಹಕ್ಕಿನ ಜಗಳ ಬಗೆಹರಿಯದೆ ಬ್ರಿಯರ್ಲಿ ರಾಜೀನಾಮೆ ಕೊಟ್ಟು 1915ರಲ್ಲಿ ಬ್ರೌನ್ ಬೇಲೀಸ್ ಕಾರ್ಖಾನೆ ಸೇರಿದ. ಅಮೆರಿಕದ ಪೇಟೆಂಟನ್ನು ಸ್ವಂತವಾಗಿ ಅರ್ಜಿ ಹಾಕಿ 1916ರಲ್ಲಿ ಪಡೆದ. ಇಲ್ಲೊಂದು ಮಾತು ಹೇಳಲೇಬೇಕು: ಜರ್ಮನಿಯ ಕ್ರುಪ್ ಕಂಪನಿ 1912ರಲ್ಲೇ ನಿಕ್ಕಲ್ ಸೇರಿಸಿದ ಇಂಥದ್ದೇ ಉಕ್ಕಿಗೆ ಪೇಟೆಂಟ್ ಕೇಳಿತ್ತು, ಅಮೆರಿಕದಲ್ಲಿ ಎಲ್ವುಡ್ ಹೇನ್ಸ್ ಕೂಡ ಇದೇ ದಾರಿಯಲ್ಲಿದ್ದ. ಒಳ್ಳೆಯ ಪಾತ್ರೆಗಳ 18-8 ಉಕ್ಕು ಬ್ರಿಯರ್ಲಿಯದಲ್ಲ, ಅದು ಆ ನಿಕ್ಕಲ್ ಕುಟುಂಬದ್ದು. ಆತನ ಪಾಲಿನದು ಚಾಕುವಿನ ಉಕ್ಕು. 1920ರಲ್ಲಿ ಬೆಸೆಮರ್ ಚಿನ್ನದ ಪದಕ ಬಂತು, 1948ರಲ್ಲಿ ಆತ ತೀರಿಕೊಂಡ.

ಹಾಗಾದರೆ ಆ ರೈಫಲ್ ನಳಿಗೆ ಏನಾಯಿತು? ಅಲ್ಲಿಗೂ ಕ್ರೋಮಿಯಂ ಬಂತು, ಆದರೆ ಬೆರಕೆಯಾಗಿ ಅಲ್ಲ, ಲೇಪವಾಗಿ. ಮುಂದಿನ ದಶಕಗಳಲ್ಲಿ ಸೇನೆಯ ಅನೇಕ ರೈಫಲ್‌ಗಳ ನಳಿಗೆಯೊಳಗೆ ಗಟ್ಟಿ ಕ್ರೋಮ್ ಲೇಪ ಹಾಕತೊಡಗಿದರು. ಎಕೆ-47 ಅದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಬ್ರಿಯರ್ಲಿಯ ಉಕ್ಕು ಮೊದಲ ಮಹಾಯುದ್ಧದಲ್ಲಿ ವಿಮಾನ ಎಂಜಿನ್ನಿನ ಎಕ್ಸಾಸ್ಟ್ ವಾಲ್ವ್‌ಗಳಿಗೆ ಹೋಯಿತು.

ಈಗಿನ ಪ್ರಾಜೆಕ್ಟ್ ರಿವ್ಯೂ ಭಾಷೆಯಲ್ಲಿ ಹೇಳೋದಾದರೆ ಬ್ರಿಯರ್ಲಿ ಫೇಲ್. ಕೊಟ್ಟ ಟಾರ್ಗೆಟ್ ಮುಟ್ಟಲಿಲ್ಲ, ಕೇಳದ್ದನ್ನು ತಂದುಕೊಟ್ಟ. ನಾವು ಸಂಶೋಧನೆಗೆ ಎಷ್ಟು ಕೋಟಿ ಕೊಡಬೇಕು ಅಂತ ಚರ್ಚೆ ಮಾಡುತ್ತೇವೆ, ಮಾಡಬೇಕಾದದ್ದೇ. ಜೊತೆಗೆ ಇನ್ನೆರಡು ಪ್ರಶ್ನೆ ಕೇಳಬೇಕು. ನಮ್ಮ ಲ್ಯಾಬುಗಳಲ್ಲಿ ಬಾಟಲಿ ತೊಳೆಯುವ ಹುಡುಗನಿಗೆ ಮೈಕ್ರೋಸ್ಕೋಪಿನವರೆಗೆ ಹೋಗುವ ದಾರಿ ಇದೆಯಾ? ಆಸಿಡ್ ತಿನ್ನಲಿಲ್ಲ ಅಂತ ಆತ ಬಂದು ಹೇಳಿದರೆ, ಕೇಳಿಸಿಕೊಳ್ಳುವ ಕಿವಿ ಇದೆಯಾ?