ಹಲಸಿಗೆ ನಾಡನ್ನು ಆಳಿದ ಶಿವಚಿತ್ತ ಪೆರ್ಮಾಡಿದೇವ

ಕದಂಬ ಎಂಬ ಹೆಸರು ನಮ್ಮೂರಿನ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಅವರಿಗೆ ಗೊತ್ತಿರುವುದು ಗೋವಾ ಸರ್ಕಾರದ ಬಸ್ಸಿನ ಮೇಲೆ ಬರೆದಿರುವ ಕದಂಬ. ಆ ಹೆಸರು ಬಸ್ಸಿಗೆ ಬರುವುದಕ್ಕೆ ಎಂಟುನೂರು ವರ್ಷ ಮೊದಲೇ ಒಂದು ರಾಜಮನೆತನದ್ದಾಗಿತ್ತು. ಆ ಮನೆತನ ಘಟ್ಟದ ಕೆಳಗೆ ಗೋವೆಯಲ್ಲೂ ಘಟ್ಟದ ಮೇಲೆ ನಮ್ಮ ಖಾನಾಪುರ ತಾಲ್ಲೂಕಿನ ಹಲಸಿಯಲ್ಲೂ ಕಾಲೂರಿ ನಿಂತು ಆಳಿತು. ಎರಡರ ನಡುವೆ ಇರುವುದು ನಮ್ಮ ಸಹ್ಯಾದ್ರಿ. ಇಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಹೋಗುತ್ತಾಳೆ, ಇನ್ನೊಂದು ಕಡೆಯ ಹಳ್ಳಗಳು ಮಹದಾಯಿ ಸೇರಿ ಗೋವೆಗೆ ಇಳಿಯುತ್ತವೆ. ಎರಡೂ ಕಡೆಯ ನೀರು ಸೇರುವ ನಾಡುಗಳು ಒಬ್ಬನೇ ದೊರೆಯ ಕೈಯಲ್ಲಿದ್ದ ಕಾಲವೊಂದಿತ್ತು. ಆ ದೊರೆಗಳಲ್ಲಿ ನಮ್ಮ ಭಾಗದಲ್ಲಿ ಹೆಚ್ಚು ಗುರುತು ಬಿಟ್ಟುಹೋದವನು ಶಿವಚಿತ್ತ ಪೆರ್ಮಾಡಿದೇವ.

ಅವನ ಬದುಕನ್ನು ಹೇಳುವ ಮೊದಲು ಮನೆತನದ ವಿಷಯ ಸ್ವಲ್ಪ ಹೇಳಬೇಕು. ಹಲಸಿಯ ಹಳೆಯ ಹೆಸರು ಪಲಾಶಿಕಾ. ಬನವಾಸಿಯ ಕದಂಬರಿಗೆ ಅದು ಎರಡನೆಯ ರಾಜಧಾನಿಯಂತಿತ್ತು. ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮ, ಹರಿವರ್ಮ ಇವರೆಲ್ಲರ ತಾಮ್ರಪಟಗಳು ಹಲಸಿಯಲ್ಲೇ ಸಿಕ್ಕಿವೆ. ತನ್ನ ಜೀವ ಉಳಿಸಿದ ಸೇನಾಪತಿ ಶ್ರುತಕೀರ್ತಿಗೆ ಕಾಕುಸ್ಥವರ್ಮ ಹೊಲವೊಂದನ್ನು ಕೊಟ್ಟದ್ದು ಅವುಗಳಲ್ಲೇ ಹಳೆಯದು. ಬಾದಾಮಿಯ ಚಾಲುಕ್ಯರು ಬಂದ ಮೇಲೆ ಆ ಕದಂಬರ ದೊರೆತನ ಮುಗಿಯಿತು. ಆದರೂ ಹೆಸರು ಅಳಿಯಲಿಲ್ಲ. ನಾಲ್ಕು ಶತಮಾನಗಳ ನಂತರ ಹಾನಗಲ್ಲಿನಲ್ಲಿ ಒಂದು ಕದಂಬ ಶಾಖೆ, ಗೋವೆಯಲ್ಲಿ ಇನ್ನೊಂದು ಶಾಖೆ ತಲೆ ಎತ್ತಿದವು. ಇಬ್ಬರೂ ತಮ್ಮನ್ನು ಬನವಾಸಿ ಪುರವರಾಧೀಶ್ವರರೆಂದು ಕರೆದುಕೊಂಡರು. ಸಿಂಹ ಲಾಂಛನ, ವಾನರ ಧ್ವಜ ಇಬ್ಬರದೂ ಹೌದು. ತ್ರಿಪುರಾಸುರನನ್ನು ಕೊಂದ ಶಿವನ ಹಣೆಯ ಬೆವರ ಹನಿ ಕದಂಬ ಮರದ ಬುಡದಲ್ಲಿ ಬಿದ್ದಾಗ ಮೂರು ಕಣ್ಣಿನ ಮೂಲಪುರುಷ ಹುಟ್ಟಿದನೆಂದು ಗೋವೆಯವರ ಶಾಸನಗಳು ಕಥೆ ಹೇಳುತ್ತವೆ. ಮನೆತನ ದೊಡ್ಡದಾದ ಮೇಲೆ ಇಂಥ ಕಥೆ ಸೇರಿಕೊಳ್ಳುವುದು ಎಲ್ಲ ಕಡೆಯೂ ಉಂಟು.

ಗೋವೆಯ ಶಾಖೆಯ ಮೊದಲ ಊರು ಚಂದ್ರಪುರ, ಇಂದಿನ ಚಾಂದೋರ್. ಹನ್ನೊಂದನೆಯ ಶತಮಾನದ ಮಧ್ಯದಲ್ಲಿ ಒಂದನೆಯ ಜಯಕೇಶಿ ರಾಜಧಾನಿಯನ್ನು ಜುವಾರಿ ನದಿಯ ದಡದ ಗೋಪಕಪಟ್ಟಣಕ್ಕೆ ತಂದ. ಈಗ ಅದನ್ನು ಗೋವಾ ವೆಲ್ಹಾ ಎನ್ನುತ್ತಾರೆ. ಅದು ಬಂದರು. ಸಿಂಹಳ, ಗುಜರಾತ, ಕೇರಳ, ಅಷ್ಟೇ ಏಕೆ, ಆಫ್ರಿಕಾದ ಜಂಜಿಬಾರಿನ ಕಡೆಯ ಹಡಗುಗಳೂ ಅಲ್ಲಿಗೆ ಬರುತ್ತಿದ್ದವು. ಜಯಕೇಶಿಯ ಆಡಳಿತಾಧಿಕಾರಿಯಾಗಿದ್ದ ಸಾಧನ ಅರಬ್ ಮೂಲದ ಮುಸಲ್ಮಾನ. ಅವನ ಅಜ್ಜನಿಗೂ ಈ ಮನೆತನಕ್ಕೂ ನಂಟು ಬೆಳೆದ ಬಗೆ ಚೆನ್ನಾಗಿದೆ. ಸೋಮನಾಥ ಯಾತ್ರೆಗೆ ಸಮುದ್ರದಲ್ಲಿ ಹೊರಟಿದ್ದ ಗುಹಲ್ಲದೇವನ ಹಡಗಿನ ಕೂವೆಮರ ಮುರಿದು ಅವನು ಕಷ್ಟಕ್ಕೆ ಸಿಕ್ಕಿದ್ದಾಗ ಆ ವರ್ತಕ ನೆರವಿಗೆ ಬಂದ. ಆ ಉಪಕಾರವನ್ನು ಮನೆತನ ಮರೆಯಲಿಲ್ಲ. ಮುಂದೆ ಸಾಧನ ಗೋವೆಯಲ್ಲಿ ಕಟ್ಟಿಸಿದ ಮಸೀದಿಯ ಖರ್ಚಿಗೆ ಬಂದರಿನ ಸುಂಕದಿಂದ ಹಣ ಸಲ್ಲುವಂತೆ 1053ರ ತಾಮ್ರಪಟ ಏರ್ಪಾಡು ಮಾಡಿದೆ.

ಪೆರ್ಮಾಡಿಯ ತಂದೆ ಎರಡನೆಯ ಜಯಕೇಶಿ, ತಾಯಿ ಮೈಲಲದೇವಿ. ಮೈಲಲದೇವಿ ಸಾಮಾನ್ಯ ಮನೆಯವಳಲ್ಲ, ಕಲ್ಯಾಣದ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗಳು. ಧಾರವಾಡದ ಪಕ್ಕದ ನರೇಂದ್ರದಲ್ಲಿ, ಅಂದಿನ ಕುಂದೂರಿನಲ್ಲಿ, ಈ ದಂಪತಿಗಳ ಕಾಲದ ದೊಡ್ಡ ಶಾಸನಗಳಿವೆ. ವಿಕ್ರಮಾದಿತ್ಯನಿಗೆ ಪೆರ್ಮಾಡಿ ಎಂಬ ಹೆಸರೂ ಇತ್ತು. ಮೊಮ್ಮಗನಿಗೆ ತಾಯಿಯ ತಂದೆಯ ಹೆಸರೇ ಬಂತು. ನಮ್ಮಲ್ಲಿ ಈಗಲೂ ಹಾಗೆಯೇ ಅಲ್ಲವೆ?

ಆದರೆ ಚಕ್ರವರ್ತಿಯ ಅಳಿಯನಾದ ಮಾತ್ರಕ್ಕೆ ಜಯಕೇಶಿಗೆ ನೆಮ್ಮದಿ ಸಿಗಲಿಲ್ಲ. 1126ರಲ್ಲಿ ವಿಕ್ರಮಾದಿತ್ಯ ತೀರಿಕೊಂಡ ಮೇಲೆ ಸಾಮಂತರೆಲ್ಲ ಅವರವರ ದಾರಿ ಹಿಡಿದರು. ಜಯಕೇಶಿಯೂ ತಲೆ ಎತ್ತಿದ. ಸಿಂದರೊಡನೆ ಕಾಳಗವಾಯಿತು. ದಕ್ಷಿಣದಿಂದ ಹೊಯ್ಸಳ ವಿಷ್ಣುವರ್ಧನ ಹಾನಗಲ್ಲು ದಾಟಿ ಹಲಸಿಗೆಯತ್ತ ಕೈಚಾಚಿದ. ಪೆರ್ಮಾಡಿ ಬೆಳೆದದ್ದು ಇಂಥ ದಿನಗಳಲ್ಲಿ. ರಾಜ್ಯ ಎಂಬುದು ಬೇಲಿ ಕಿತ್ತ ಹೊಲದಂತೆ ಇರುವುದನ್ನು ಅವನು ಕಣ್ಣಾರೆ ಕಂಡಿರಬೇಕು.

1147ರ ಸುಮಾರಿಗೆ ಅವನ ಆಳ್ವಿಕೆ ಆರಂಭವಾಯಿತು. ಇಲ್ಲಿ ಒಂದು ವಿಶೇಷವಿದೆ. ಜಯಕೇಶಿಗೆ ಇಬ್ಬರು ಗಂಡು ಮಕ್ಕಳು, ಪೆರ್ಮಾಡಿ ಮತ್ತು ವಿಜಯಾದಿತ್ಯ. ಅಣ್ಣನಿಗೆ ಶಿವಚಿತ್ತ, ತಮ್ಮನಿಗೆ ವಿಷ್ಣುಚಿತ್ತ ಎಂಬ ಬಿರುದು. ಅಣ್ಣ ಪಟ್ಟಕ್ಕೆ ಬಂದ ವರ್ಷದಿಂದಲೇ ತಮ್ಮನೂ ಜೊತೆಗೂಡಿ ಆಳಿದ. ರಾಜ್ಯವನ್ನು ಎರಡು ತುಂಡು ಮಾಡಿ ಹಂಚಿಕೊಳ್ಳಲಿಲ್ಲ. ಪಲಸಿಗೆ 12,000, ಕೊಂಕಣ 900, ವೇಳುಗ್ರಾಮ 70 ಎಂದು ಶಾಸನಗಳು ಅವರ ನಾಡನ್ನು ಲೆಕ್ಕ ಹಾಕುತ್ತವೆ. ಈ ವೇಳುಗ್ರಾಮವೇ ನಮ್ಮ ಬೆಳಗಾವಿ. ಅಂದಿನ ಕಾಲದಲ್ಲಿ ಅಣ್ಣತಮ್ಮಂದಿರ ಜಗಳದಿಂದ ಹಾಳಾದ ಮನೆತನಗಳು ಒಂದೆರಡಲ್ಲ. ಕಲ್ಯಾಣದ ಚಾಲುಕ್ಯರಲ್ಲೇ ವಿಕ್ರಮಾದಿತ್ಯ ಸ್ವಂತ ಅಣ್ಣನನ್ನು ಸೆರೆಯಲ್ಲಿಟ್ಟು ಪಟ್ಟ ಏರಿದವನು. ಅದೇ ವಿಕ್ರಮಾದಿತ್ಯನ ಮೊಮ್ಮಕ್ಕಳು ಮೂರು ದಶಕಗಳಿಗೂ ಮೀರಿ ಒಂದೇ ಸಿಂಹಾಸನದ ಮರ್ಯಾದೆ ಕಾಯ್ದರು. ಪೆರ್ಮಾಡಿಯ ಯುದ್ಧಗಳಿಗಿಂತ ಇದು ದೊಡ್ಡ ಸಾಧನೆಯೆಂದು ನನ್ನ ಅನಿಸಿಕೆ. ಹೊಲದ ಬದುವಿನ ವಿಷಯದಲ್ಲಿ ಕೋರ್ಟು ಕಚೇರಿ ಅಲೆದವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

ಆ ವರ್ಷಗಳಲ್ಲಿ ಕಲ್ಯಾಣದ ಸ್ಥಿತಿ ದಿನೇದಿನೇ ಕೆಟ್ಟಿತು. ಕಳಚುರಿ ಬಿಜ್ಜಳ ತನ್ನ ಒಡೆಯರನ್ನೇ ಮೂಲೆಗೊತ್ತಿ ತಾನೇ ದೊರೆಯಾದ. ಪೆರ್ಮಾಡಿ ಬಿಜ್ಜಳನ ಪಲ್ಲಕ್ಕಿ ಹೊರಲಿಲ್ಲ. ಕೊಂಕಣ ಚಕ್ರವರ್ತಿ ಎಂಬ ಬಿರುದು ಧರಿಸಿ ತನ್ನ ನಾಡಿನಲ್ಲಿ ಸ್ವತಂತ್ರನಂತೆ ನಡೆದುಕೊಂಡ. 1167ರಲ್ಲಿ ಬಿಜ್ಜಳನ ಕೊಲೆಯಾಯಿತು. ಕಲ್ಯಾಣದಿಂದ ಶರಣರು ಚದುರಿದರು. ಅವರಲ್ಲಿ ಒಂದು ದೊಡ್ಡ ಗುಂಪು ಚೆನ್ನಬಸವಣ್ಣನವರೊಡನೆ ಉಳವಿಯ ಕಾಡಿಗೆ ಹೊರಟು ಬಂದದ್ದು ನಮ್ಮ ಸೀಮೆಯ ಮೂಲಕವೇ. ಗಂಗಾಂಬಿಕೆ ಮಲಪ್ರಭೆಯ ದಡದ ಎಂ.ಕೆ. ಹುಬ್ಬಳ್ಳಿಯಲ್ಲಿ ಐಕ್ಯರಾದರೆಂದೂ, ಡೋಹರ ಕಕ್ಕಯ್ಯನವರು ನಮ್ಮ ತಾಲ್ಲೂಕಿನ ಕಕ್ಕೇರಿಯಲ್ಲಿ ಐಕ್ಯರಾದರೆಂದೂ ಜನ ನಂಬಿ ನಡೆದುಕೊಳ್ಳುತ್ತಾರೆ. ಅಂದು ಈ ಊರುಗಳಿದ್ದ ಹಲಸಿಗೆ ನಾಡಿನ ಒಡೆಯ ಪೆರ್ಮಾಡಿ. ಬೆನ್ನಟ್ಟಿ ಬಂದ ಸೈನ್ಯದಿಂದ ತಪ್ಪಿಸಿಕೊಂಡವರು ಪಶ್ಚಿಮದ ಈ ಕಾಡಿನ ನಾಡನ್ನೇ ಆರಿಸಿಕೊಂಡದ್ದಕ್ಕೆ ಕಾಡು ಒಂದು ಕಾರಣ, ಕಲ್ಯಾಣದ ಮಾತು ನಡೆಯದ ಅರಸ ಇಲ್ಲಿದ್ದದ್ದೂ ಇನ್ನೊಂದು ಕಾರಣವಾಗಿರಬಹುದು.

ಅದಾಗಿ ಎರಡೇ ವರ್ಷಕ್ಕೆ, 1169ರಲ್ಲಿ, ಹಲಸಿಯ ನರಸಿಂಹನಿಗೆ ಪೆರ್ಮಾಡಿ ದತ್ತಿ ಬಿಟ್ಟ. ಮಾತಯೋಗಿ ಎಂಬವನು ಕಟ್ಟಿಸಿದ ಗುಡಿ ಅದು. ಶಾಸನದಲ್ಲಿ ವರ್ಷವನ್ನು ಕಲಿಯುಗ 4270 ಎಂದು ಬರೆದಿದೆ. ಬೇರೆ ಅರಸರು ಶಕವರ್ಷ ಬಳಸಿದರೆ ಗೋವೆಯ ಕದಂಬರಿಗೆ ಕಲಿಯುಗದ ಲೆಕ್ಕ ಪ್ರಿಯ. ವಿದ್ಯಾರ್ಥಿಗಳು 4270ರಲ್ಲಿ 3101 ಕಳೆದು ನೋಡಿದರೆ ನಮ್ಮ ವರ್ಷ ಸಿಗುತ್ತದೆ. ಹೆಸರಿಗೆ ಶಿವಚಿತ್ತ, ಮನೆದೇವರು ಸಪ್ತಕೋಟೀಶ್ವರ, ದಾನ ಕೊಟ್ಟದ್ದು ವಿಷ್ಣುವಿನ ಗುಡಿಗೆ! ಕೆಲವು ವರ್ಷಗಳಲ್ಲಿ ತಮ್ಮ ವಿಜಯಾದಿತ್ಯನೂ ಅದೇ ಗುಡಿಗೆ ತನ್ನ ಪಾಲಿನ ದತ್ತಿ ಸೇರಿಸಿದ. ಅಣ್ಣನ ದಾನ, ತಮ್ಮನ ದಾನ ಒಂದೇ ಗುಡಿಯಲ್ಲಿ ಒಟ್ಟಿಗೆ ಇವೆ. ಅಷ್ಟೇ ಅಲ್ಲ, ಅವನ ಕಾಲದಲ್ಲೇ ಗೋಲಿಹಳ್ಳಿಯ ಕಡೆ ಒಬ್ಬ ಶೆಟ್ಟಿ ಜಿನಬಸದಿ ಕಟ್ಟಿಸಿದ, ಅದಕ್ಕೂ ಭೂಮಿ ಸಂದಿತು.

ಹಲಸಿಯ ಭೂವರಾಹ ನರಸಿಂಹ ಗುಡಿಯನ್ನು ನೋಡಿದವರು ಅಲ್ಲಿಯ ವಿಚಿತ್ರವನ್ನು ಗಮನಿಸಿರುತ್ತಾರೆ. ಸಾಮಾನ್ಯವಾಗಿ ಗುಡಿಗೆ ಒಂದು ಗರ್ಭಗುಡಿ, ಎದುರಿಗೆ ಬಾಗಿಲು. ಇಲ್ಲಿ ಎರಡು ಗರ್ಭಗುಡಿ, ಅವು ಪರಸ್ಪರ ಎದುರುಬದುರು. ಒಂದು ಕಡೆ ನರಸಿಂಹ, ಇನ್ನೊಂದು ಕಡೆ ಭೂದೇವಿಯನ್ನು ಎತ್ತಿಹಿಡಿದ ವರಾಹ. ನಡುವಿನ ಮಂಟಪದಲ್ಲಿ ನಿಂತರೆ ಎರಡೂ ದೇವರ ದೃಷ್ಟಿ ನಮ್ಮ ಮೇಲೆಯೇ. ಒಬ್ಬನಿಗೆ ಕೈಮುಗಿದರೆ ಇನ್ನೊಬ್ಬನಿಗೆ ಬೆನ್ನು! ವರಾಹಮೂರ್ತಿಯ ಸ್ಥಾಪನೆ ಪೆರ್ಮಾಡಿಯ ನಂತರದ್ದು, 1186–87ರದು.

ಇನ್ನು ಅವನ ರಾಣಿ ಕಮಲಾದೇವಿ. ಸೂರ್ಯವಂಶದ ಕಾಮಭೂಪನ ಮಗಳು, ತಾಯಿ ಚಟ್ಟಲದೇವಿ. ಕಿತ್ತೂರಿನ ಸಮೀಪದ ದೇಗಾಂವಿಯಲ್ಲಿ, ಅಂದಿನ ದೇಗಂಬೆಯಲ್ಲಿ, ಆಕೆ ಕಮಲನಾರಾಯಣ ಗುಡಿ ಕಟ್ಟಿಸಿದಳು. ಕೆಲಸ ಮಾಡಿದ ಶಿಲ್ಪಿ ತಿಪ್ಪೋಜ. ಒಂದೇ ಸಾಲಿನಲ್ಲಿ ಮೂರು ಗರ್ಭಗುಡಿಗಳು, ಮುಂದೆ ಉದ್ದನೆಯ ಒಂದೇ ಸಭಾಮಂಟಪ, ತಲೆ ಎತ್ತಿದರೆ ಅರಳಿದ ಕಮಲಗಳ ಛಾವಣಿ, ಹೊರಗಿನ ಕಕ್ಷಾಸನದ ಗೋಡೆಯ ತುಂಬ ಕುಣಿಯುವವರು, ಮದ್ದಳೆ ಬಾರಿಸುವವರು. ದೇವರಿಗೆ ತನ್ನ ಹೆಸರನ್ನೇ ಜೋಡಿಸಿಕೊಂಡದ್ದು ರಾಣಿಯ ಜಾಣತನ: ನಾರಾಯಣನ ಪಕ್ಕದಲ್ಲಿ ಕಮಲೆ ಇರುವುದು ಸಹಜ, ಆಕ್ಷೇಪಣೆ ಮಾಡುವಂತಿಲ್ಲ. ಹೀಗಾಗಿ ಗಂಡನ ಹೆಸರನ್ನು ಮರೆತ ಊರಿನಲ್ಲೂ ಕಮಲೆಯ ಹೆಸರು ದಿನವೂ ಕೇಳಿಬರುತ್ತದೆ.

ರಾಣಿಯ ಕೋರಿಕೆಯಂತೆ 1174ರಲ್ಲಿ ಪೆರ್ಮಾಡಿ ದೇಗಂಬೆಯನ್ನು ಅಗ್ರಹಾರವಾಗಿ ವಿದ್ವಾಂಸರಿಗೆ ಬಿಟ್ಟುಕೊಟ್ಟ. ಅಗ್ರಹಾರವೆಂದರೆ ಅಂದಿನ ಪಾಠಶಾಲೆ. ಆದರೆ ಅದರ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ನಮ್ಮ ಶಾಲೆಯಂತೆ ದನ ಕಾಯುವವರ ಮಕ್ಕಳೂ ಗೌಡರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ದಿನ ಬರಲು ಇನ್ನೂ ಏಳೆಂಟು ನೂರು ವರ್ಷ ಬೇಕಾಯಿತು. ಆ ದಾನದ ಶಾಸನವನ್ನು ಎರಡು ಲಿಪಿಗಳಲ್ಲಿ ಬರೆಸಿದ್ದಾರೆ, ಒಂದು ಕನ್ನಡ, ಇನ್ನೊಂದು ನಾಗರಿ. ಕನ್ನಡ, ಮರಾಠಿ, ಕೊಂಕಣಿ ಮೂರೂ ಕಿವಿಗೆ ಬೀಳುವ ನಮ್ಮ ಸೀಮೆಯಲ್ಲಿ ಎರಡೂ ಬಗೆಯ ಓದುಗರನ್ನು ದೊರೆ ನೆನೆದಿದ್ದ. ಈ ಶಾಸನಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಓದಿ ಅಚ್ಚು ಹಾಕಿಸಿದವರು ಫ್ಲೀಟ್ ಸಾಹೇಬರು. 1931ರಲ್ಲಿ ಜಾರ್ಜ್ ಮೊರೇಸ್ ಅವರ ಕದಂಬ ಕುಲ ಎಂಬ ಗ್ರಂಥ ಬಂದ ಮೇಲೆ ಮನೆತನದ ಕಥೆ ಒಂದು ಕ್ರಮಕ್ಕೆ ಬಂತು.

ಪೆರ್ಮಾಡಿಯ ಚಿನ್ನದ ನಾಣ್ಯಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಒಂದು ಮುಖದಲ್ಲಿ ಸಿಂಹ, ಇನ್ನೊಂದು ಮುಖದಲ್ಲಿ ತಾನು ಸಪ್ತಕೋಟೀಶ್ವರನ ವರ ಪಡೆದವನೆಂಬ ಮಾತು. ಸಿಂಹದ ಬಳಿ ಸಂವತ್ಸರದ ಹೆಸರೂ ಇರುತ್ತದೆ, ಆದ್ದರಿಂದ ಯಾವ ವರ್ಷದ ನಾಣ್ಯವೆಂದು ಹೇಳಬಹುದು. ಚಿನ್ನಕ್ಕೆ ಮೂಲ ಬಂದರಿನ ವ್ಯಾಪಾರ. ಘಟ್ಟದ ಕೆಳಗಿನಿಂದ ಉಪ್ಪು, ತೆಂಗು ಮೇಲೇರಬೇಕು, ಮೇಲಿನಿಂದ ಧಾನ್ಯ, ಬಟ್ಟೆ ಕೆಳಗಿಳಿಯಬೇಕು. ಎತ್ತಿನ ಬೆನ್ನಿನ ಮೇಲೆ ಹೇರು ಹಾಕಿಕೊಂಡು ಈ ಮಳೆ, ಈ ಕಾಡು, ಈ ಜಿಗಣೆಗಳ ನಡುವೆ ಘಾಟು ಹತ್ತಿದವರ ಹೆಸರು ಯಾವ ನಾಣ್ಯದ ಮೇಲೂ ಇಲ್ಲ. ಘಟ್ಟದ ಎರಡೂ ಬದಿ ಒಬ್ಬನೇ ಅರಸನ ಕೈಯಲ್ಲಿದ್ದರೆ ಮಾತ್ರ ಆ ದಾರಿ ಸುರಕ್ಷಿತ. ಪೆರ್ಮಾಡಿ ಹಲಸಿಗೆಯನ್ನು ಬಿಟ್ಟುಕೊಡದೆ ಹಿಡಿದುಕೊಂಡದ್ದರ ಅರ್ಥ ಇಲ್ಲಿದೆ.

1181ರ ಸುಮಾರಿಗೆ ಅವನ ಕಾಲ ಮುಗಿಯಿತು. ತಮ್ಮ ವಿಜಯಾದಿತ್ಯ ಇನ್ನು ಕೆಲವು ವರ್ಷ ಆಳಿದ. ನಂತರ ವಿಜಯಾದಿತ್ಯನ ಮಗ ಮೂರನೆಯ ಜಯಕೇಶಿ ಬಂದ. ಈ ಜಯಕೇಶಿಯ ಕಾಲದ ಕಿತ್ತೂರು ಶಾಸನದಲ್ಲಿ ಒಂದು ಹೊಲದ ತಗಾದೆ ಇದೆ. ಕಲ್ಲೇಶ್ವರ ಗುಡಿಯ ಶಿವಶಕ್ತಿ, ಮೂಲಸ್ಥಾನದ ಕಲ್ಯಾಣಶಕ್ತಿ, ಇಬ್ಬರೂ ಹೊಲ ತಮ್ಮ ದೇವರದೇ ಎಂದರು. ಕಡೆಗೆ ಕಾದ ನೇಗಿಲ ಕುಳವನ್ನು ಕೈಯಲ್ಲಿ ಹಿಡಿಯುವ ದಿವ್ಯಪರೀಕ್ಷೆಯಿಂದ ನ್ಯಾಯ ತೀರ್ಮಾನವಾಯಿತು. ಬೆಳಗಾವಿ ಮಾತ್ರ ಕದಂಬರ ಕೈ ತಪ್ಪಿ ಸವದತ್ತಿಯ ರಟ್ಟರ ಪಾಲಾಯಿತು. ದೇವಗಿರಿಯ ಯಾದವರು ಒತ್ತಿ ಬಂದರು, ಹದಿಮೂರನೆಯ ಶತಮಾನ ಮುಗಿಯುವ ಹೊತ್ತಿಗೆ ಮನೆತನ ಕುಗ್ಗಿತ್ತು. ಹದಿನಾಲ್ಕರಲ್ಲಿ ದೆಹಲಿಯ ಸೈನ್ಯಗಳು ಅದನ್ನು ಅಳಿಸಿದವು.

ಪೆರ್ಮಾಡಿ ನಾಣ್ಯದ ಮೇಲೆ ನೆನೆದ ಸಪ್ತಕೋಟೀಶ್ವರನ ಗುಡಿ ದಿವಾಡಿ ದ್ವೀಪದ ನಾರ್ವೆಯಲ್ಲಿತ್ತು. ಪೋರ್ಚುಗೀಸರು ಅದನ್ನು ಕೆಡವಿದರು. ಭಕ್ತರು ಲಿಂಗವನ್ನು ಹೊಳೆ ದಾಟಿಸಿ ಬಿಚೋಲಿ ಕಡೆಗೆ ಒಯ್ದು ಹೊಸ ನಾರ್ವೆಯಲ್ಲಿ ಇಟ್ಟರು. 1668ರಲ್ಲಿ ಶಿವಾಜಿ ಮಹಾರಾಜರು ಅಲ್ಲಿ ಗುಡಿ ಕಟ್ಟಿಸಿದರು, ಈಗ ಪೂಜೆ ನಡೆಯುವುದು ಅಲ್ಲಿಯೇ. ಹಲಸಿಯ ನರಸಿಂಹನೂ ದೇಗಾಂವಿಯ ಕಮಲನಾರಾಯಣನೂ ಮಾತ್ರ ಇಟ್ಟ ಜಾಗದಲ್ಲೇ ಇದ್ದಾರೆ. ಹಲಸಿಗೆ ಖಾನಾಪುರದಿಂದ ನಂದಗಡ ದಾಟಿ ಹೋಗಬೇಕು. ಗುಡಿಯ ಶಾಸನದಲ್ಲಿ ಪೆರ್ಮಾಡಿಯ ಆಳ್ವಿಕೆಯ ಇಪ್ಪತ್ತಮೂರನೆಯ ವರ್ಷವೆಂದು ಕೊರೆದದ್ದು ಇಂದಿಗೂ ಉಳಿದಿದೆ.